‘ಇಟ್’ ಎಲ್ಲಿ ಕೂರಬೇಕು? ಕನ್ನಡವನ್ನೇ ಕೇಳಿ

ಕುಣಿಗಲ್‌ನಿಂದ ತುಮಕೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ‘ಹೋಲ್ಡಾನ್’ ಎಂದರೆ ಸಾಕು, ಡ್ರೈವರ್ ಬ್ರೇಕ್ ಒತ್ತುತ್ತಾರೆ, ಇಳಿಯುವವರು ಚೀಲ ಎತ್ತಿಕೊಳ್ಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಆ ಮಾತು ಗೊತ್ತು. ಬಿ.ಎಚ್. ರಸ್ತೆಯ ಗ್ಯಾರೇಜಿನಲ್ಲಿ ‘ಗಾಡಿ ಪಿಕಪ್ ಇಲ್ಲ’ ಎಂದರೆ ಮೆಕ್ಯಾನಿಕ್‌ಗೆ ಮತ್ತೇನೂ ವಿವರಿಸಬೇಕಿಲ್ಲ. ಆಸ್ಪತ್ರೆಯಲ್ಲಿ ಚೆಕಪ್, ಮದುವೆ ಮನೆಯಲ್ಲಿ ಮೇಕಪ್, ದಾರಿಯಲ್ಲಿ ನಿಂತ ಲಾರಿಗೆ ಬ್ರೇಕ್‌ಡೌನ್, ಮೊಬೈಲಿಗೆ ಬ್ಯಾಕಪ್. 2020ರಲ್ಲಿ ಲಾಕ್‌ಡೌನ್ ಎಂಬ ಪದ ಹಳ್ಳಿ ಹಳ್ಳಿಯ ಜಗಲಿಯನ್ನೂ ಮುಟ್ಟಿತು. ಇಷ್ಟೆಲ್ಲ ಆಡಿ ಬಲ್ಲ ಜಿಲ್ಲೆಯ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ‘ಸ್ವಿಚ್ ಆಫ್ ಇಟ್’ ಎಂದು ಬರೆದರೆ ಅದರ ಮೇಲೆ ಕೆಂಪು ಗೆರೆ ಬೀಳುತ್ತದೆ. ‘ಸ್ವಿಚ್ ಇಟ್ ಆಫ್’ ಎಂದೇ ಏಕೆ ಬರೆಯಬೇಕು ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಇಂಗ್ಲಿಷಿನಲ್ಲಿ ಹಾಗೆಯೇ, ಬಾಯಿಪಾಠ ಮಾಡು.

ಆ ಉತ್ತರ ಸಾಲದು. ‘ಇಟ್’ ಅಲ್ಲಿ ಕೂರುವುದಕ್ಕೆ ಕಾರಣವಿದೆ. ಆ ಕಾರಣವನ್ನು ಕನ್ನಡದಲ್ಲೇ ಹೇಳಿಕೊಡಬಹುದು. ಹೇಳಿಕೊಡಲು ಬೇಕಾದ ಸಾಮಗ್ರಿ ಮಕ್ಕಳ ಬಾಯಲ್ಲೇ ಇದೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಬಾಯಿಗೆ ಬಂದರೆ ಇಂಗ್ಲಿಷ್ ಕೆಡುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿರುವುದರಿಂದ ಆ ಸಾಮಗ್ರಿ ಉಪಯೋಗಕ್ಕೆ ಬರುತ್ತಿಲ್ಲ, ಅಷ್ಟೆ.

ಇಂಗ್ಲಿಷ್ ಕ್ರಿಯಾಪದದ ಪಕ್ಕದಲ್ಲಿ ಅಪ್, ಡೌನ್, ಆನ್, ಆಫ್, ಇನ್, ಓವರ್ ಎಂಬ ಪುಟ್ಟ ಪದಗಳು ಬಂದು ಸೇರುತ್ತವೆ. ನೋಡಲು ಎಲ್ಲವೂ ಒಂದೇ ತರಹ. ಮಾಡುವ ಕೆಲಸ ಮಾತ್ರ ಎರಡು ಬಗೆಯದು. ಕೆಲವು ಸಲ ಅವು ಕ್ರಿಯಾಪದಕ್ಕೆ ಅಂಟಿಕೊಂಡು ಅದರ ಅರ್ಥವನ್ನೇ ತಿರುಗಿಸುತ್ತವೆ, ಆಗ ಅವು ಕ್ರಿಯಾವಿಶೇಷಣ. ಇನ್ನು ಕೆಲವು ಸಲ ಮುಂದೆ ಬರುವ ನಾಮಪದವನ್ನು ಹಿಡಿದುಕೊಳ್ಳುತ್ತವೆ, ಆಗ ಅವು ಪ್ರಿಪೊಸಿಷನ್. ತುಮಕೂರಿನವರಿಗೆ ದೇವರಾಯನದುರ್ಗದ ಬೆಟ್ಟವನ್ನೇ ಉದಾಹರಣೆಯಾಗಿ ಕೊಡಬಹುದು. ‘ರನ್ ಅಪ್ ದ ಹಿಲ್’ ಎಂದರೆ ಬೆಟ್ಟದ ಮೇಲಕ್ಕೆ ಓಡು. ‘ರನ್ ಅಪ್ ದ ಬಿಲ್’ ಎಂದರೆ ಅಂಗಡಿಯಲ್ಲಿ ಸಾಲದ ಲೆಕ್ಕ ಬೆಳೆಸು. ಪದಗಳ ಸಾಲು ಎರಡರಲ್ಲೂ ಒಂದೇ. ಆದರೆ ಬೆಟ್ಟದ ಜಾಗದಲ್ಲಿ ಸರ್ವನಾಮ ಹಾಕಿದರೆ ‘ರನ್ ಅಪ್ ಇಟ್’ ಆಗುತ್ತದೆ, ಬಿಲ್ಲಿನ ಜಾಗದಲ್ಲಿ ಹಾಕಿದರೆ ‘ರನ್ ಇಟ್ ಅಪ್’ ಆಗುತ್ತದೆ. ಮೊದಲನೆಯದರಲ್ಲಿ ‘ಅಪ್’ ಬೆಟ್ಟಕ್ಕೆ ಸೇರಿದ್ದು, ಎರಡನೆಯದರಲ್ಲಿ ಕ್ರಿಯೆಗೆ ಸೇರಿದ್ದು. ಸರ್ವನಾಮ ಬಂದು ಕೂತಾಗಲೇ ಈ ಭೇದ ಕಣ್ಣಿಗೆ ಬೀಳುತ್ತದೆ.

ಪೂರ್ತಿ ನಾಮಪದವಿದ್ದರೆ ಇಂಗ್ಲಿಷ್ ಸಡಿಲ ಬಿಡುತ್ತದೆ. ‘ಸ್ವಿಚ್ ಆಫ್ ದ ಫ್ಯಾನ್’ ಎಂದರೂ ನಡೆಯುತ್ತದೆ, ‘ಸ್ವಿಚ್ ದ ಫ್ಯಾನ್ ಆಫ್’ ಎಂದರೂ ನಡೆಯುತ್ತದೆ. ‘ಇಟ್’ ಬಂತೋ, ಸಡಿಲ ಹೋಯಿತು. ಹೊಸ ವಿಷಯವನ್ನು ವಾಕ್ಯದ ಕೊನೆಗಿಟ್ಟು ಅಲ್ಲಿ ದನಿ ಎತ್ತುವುದು ಇಂಗ್ಲಿಷಿನ ಜಾಯಮಾನ. ಯಾವ ಫ್ಯಾನ್ ಎಂಬುದು ಕೇಳುವವರಿಗೆ ಆಗಲೇ ಗೊತ್ತಿದ್ದರೆ ಮಾತ್ರ ‘ಇಟ್’ ಎನ್ನುತ್ತಾರೆ. ಗೊತ್ತಿರುವ ಸಂಗತಿಗೆ ಕೊನೆಯ ಸ್ಥಾನದ ಗೌರವವಿಲ್ಲ, ಒತ್ತೂ ಇಲ್ಲ. ಅದು ನಡುವೆ ನುಸುಳಿ ಕೂರುತ್ತದೆ, ಒತ್ತು ‘ಆಫ್’ ಮೇಲೆ ಬೀಳುತ್ತದೆ. ಪಿಕಪ್, ಬ್ಯಾಕಪ್ ಎಂಬವು ನಮ್ಮಲ್ಲಿಗೆ ಅಂಟಿಸಿದ ನಾಮಪದಗಳಾಗಿ ಬಂದಿವೆ, ಅವುಗಳ ಒತ್ತು ಮೊದಲ ಭಾಗದ ಮೇಲೆ. ಕ್ರಿಯಾಪದವಾಗಿ ಬಳಸುವಾಗ ಅಂಟು ಬಿಡುತ್ತದೆ, ಒತ್ತು ಕೊನೆಗೆ ಜಾರುತ್ತದೆ, ನಡುವೆ ಜಾಗವಾಗುತ್ತದೆ: ‘ಪಿಕ್ ಹರ್ ಅಪ್’, ‘ಬ್ಯಾಕ್ ಇಟ್ ಅಪ್’. ಮಕ್ಕಳಿಗೆ ನಾಮಪದ ಬೀದಿಯಲ್ಲೇ ಸಿಕ್ಕಿದೆ. ಶಾಲೆ ಕೊಡಬೇಕಾದದ್ದು ಕ್ರಿಯಾಪದವನ್ನು.

ಇಲ್ಲಿ ಕನ್ನಡದ ಕಡೆ ತಿರುಗಿ ನೋಡಬೇಕು. ಮನೆಯಲ್ಲಿ ಅಮ್ಮ ಹೇಳುವುದು ಏನು? ‘ಅದನ್ನ ಆಫ್ ಮಾಡು.’ ಮೊದಲು ‘ಅದನ್ನ’, ಆಮೇಲೆ ‘ಆಫ್’. ‘ಸ್ವಿಚ್ ಇಟ್ ಆಫ್’ ಎಂಬಲ್ಲಿಯೂ ಮೊದಲು ‘ಇಟ್’, ಆಮೇಲೆ ‘ಆಫ್’. ಎರಡು ಭಾಷೆಗಳಲ್ಲೂ ಸರ್ವನಾಮ ಮುಂದೆ, ಆ ಪುಟ್ಟ ಪದ ಹಿಂದೆ. ಇನ್ನೊಂದು ಬಗೆಯದನ್ನು ನೋಡಿ. ‘ಲುಕ್ ಅಟ್ ಇಟ್’ ಎಂಬುದನ್ನು ಕನ್ನಡದಲ್ಲಿ ‘ಅದರ ಕಡೆ ನೋಡು’ ಎನ್ನುತ್ತೇವೆ. ಇಲ್ಲಿ ‘ಅಟ್’ ಎಂಬುದು ‘ಕಡೆ’ಯಾಗಿ ಸರ್ವನಾಮಕ್ಕೆ ಅಂಟಿತೇ ಹೊರತು ‘ನೋಡು’ವಿಗೆ ಅಂಟಲಿಲ್ಲ. ‘ರಿಲೈ ಆನ್ ಹಿಮ್’ ಎಂದರೆ ಅವನ ಮೇಲೆ ಭರವಸೆ ಇಡು, ‘ವೇಟ್ ಫಾರ್ ಹಿಮ್’ ಎಂದರೆ ಅವನಿಗಾಗಿ ಕಾಯಿ. ಇಂಗ್ಲಿಷಿನ ಪುಟ್ಟ ಪದ ಕನ್ನಡದಲ್ಲಿ ‘ಗೆ’, ‘ಇಂದ’, ‘ಮೇಲೆ’, ‘ಕಡೆ’ ಆಗಿ ನಾಮಪದದ ಬೆನ್ನು ಹತ್ತಿದರೆ ಅದು ಪ್ರಿಪೊಸಿಷನ್, ಸರ್ವನಾಮ ಅದರ ನಂತರ ಬರುತ್ತದೆ. ಕ್ರಿಯಾಪದದೊಳಗೆ ಕರಗಿಹೋದರೆ ಅದು ಕ್ರಿಯಾವಿಶೇಷಣ, ಸರ್ವನಾಮ ನಡುವೆ ಕೂರುತ್ತದೆ. ಇಷ್ಟನ್ನು ಎಂಟನೇ ತರಗತಿಯ ಮಗುವಿಗೆ ಒಂದು ಪೀರಿಯಡ್‌ನಲ್ಲಿ ಹೇಳಿಕೊಡಬಹುದು.

ಈ ಸೂತ್ರ ಎಲ್ಲ ಕಡೆಯೂ ಹೊಂದುವುದಿಲ್ಲ, ಅದನ್ನೂ ಮಕ್ಕಳಿಗೆ ಹೇಳಬೇಕು. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಕುದುರೆಗಳನ್ನು ‘ನೋಡಿಕೊಳ್ಳುವ’ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಲುಕ್ ಆಫ್ಟರ್’ ಎನ್ನಬೇಕು. ‘ಆಫ್ಟರ್’ ಎಂಬುದು ಕನ್ನಡದಲ್ಲಿ ‘ಕೊಳ್ಳು’ ಆಗಿ ಕ್ರಿಯೆಯೊಳಗೆ ಸೇರಿದೆ. ಸೂತ್ರ ನಂಬಿದರೆ ‘ಲುಕ್ ದೆಮ್ ಆಫ್ಟರ್’ ಎಂದಾಗಬೇಕಿತ್ತು, ಸರಿಯಾದದ್ದು ‘ಲುಕ್ ಆಫ್ಟರ್ ದೆಮ್’. ಹುಡುಕು ಎಂಬರ್ಥದ ‘ಲುಕ್ ಫಾರ್’ ಕೂಡ ಹೀಗೆಯೇ. ಇಂಥವನ್ನು ಬಾಯಿಪಾಠ ಮಾಡಿಸಲಿ, ಅಡ್ಡಿಯಿಲ್ಲ. ಬಾಯಿಪಾಠ ಅಪವಾದಗಳಿಗೆ ಮೀಸಲಾದರೆ ಮಗುವಿನ ಹೊರೆ ಎಷ್ಟೋ ಇಳಿಯುತ್ತದೆ.

ಕನ್ನಡ ಕೊಡಬಲ್ಲ ದೊಡ್ಡ ಸಹಾಯ ಪದಗಳ ಜಾಗದ ವಿಷಯಕ್ಕಷ್ಟೇ ನಿಲ್ಲುವುದಿಲ್ಲ, ಅರ್ಥದಲ್ಲೂ ಇದೆ. ‘ಅಪ್’ ಎಂದರೆ ಮೇಲೆ ಎಂದು ಕಲಿತ ಮಗುವಿಗೆ ‘ಈಟ್ ಅಪ್’ ಎಂದರೆ ಏನು ಮೇಲಕ್ಕೆ ಹೋಯಿತು ಎಂದು ಗಾಬರಿ. ‘ಡೌನ್’ ಎಂದರೆ ಕೆಳಗೆ ಎಂದು ಕಲಿತ ಮಗುವಿಗೆ ‘ರೈಟ್ ಡೌನ್’ ಎಂದಾಗ ಪುಟದ ಕೆಳಭಾಗದಲ್ಲಿ ಬರೆಯಬೇಕೇ ಎಂಬ ಅನುಮಾನ. ಅದೇ ಮಗು ಊಟದ ಹೊತ್ತಿನಲ್ಲಿ ತಮ್ಮನಿಗೆ ‘ಬೇಗ ತಿಂದ್ಬಿಡೋ’ ಎನ್ನುತ್ತದೆ, ಗೆಳತಿಗೆ ‘ನಂಬರ್ ಬರ್ಕೊಳೆ’ ಎನ್ನುತ್ತದೆ. ತಿನ್ನು ಎಂಬುದಕ್ಕೂ ತಿಂದುಬಿಡು ಎಂಬುದಕ್ಕೂ ಏನು ವ್ಯತ್ಯಾಸ ಎಂದು ಯಾರೂ ಕಲಿಸಿಲ್ಲ, ಆದರೂ ಮಗುವಿಗೆ ಗೊತ್ತು. ‘ಬಿಡು’ ಸೇರಿದರೆ ಕೆಲಸ ಪೂರ್ತಿಯಾಗಬೇಕು. ‘ಈಟ್’ ಪಕ್ಕದ ‘ಅಪ್’ ಮಾಡುವ ಕೆಲಸವೂ ಅದೇ. ಹರಿ ಎಂಬುದು ಹರಿದುಹಾಕು ಆದಂತೆ ‘ಟೇರ್’ ಎಂಬುದು ‘ಟೇರ್ ಅಪ್’ ಆಗುತ್ತದೆ. ಕತ್ತರಿಸು, ಕತ್ತರಿಸಿಹಾಕು: ‘ಕಟ್’, ‘ಕಟ್ ಆಫ್’. ತಾನಾಗಿ ಆಗಿಹೋದದ್ದಕ್ಕೆ ಕನ್ನಡ ‘ಹೋಗು’ ಸೇರಿಸುತ್ತದೆ. ಬಸ್ಸು ಕೆಟ್ಟೋಯ್ತು ಎಂದರೆ ‘ಬ್ರೋಕ್ ಡೌನ್’, ಬಣವೆ ಸುಟ್ಟೋಯ್ತು ಎಂದರೆ ‘ಬರ್ನ್ಟ್ ಡೌನ್’, ಮಳೆ ಕೈಕೊಟ್ಟು ಕೆರೆ ಬತ್ತೋಯ್ತು ಎಂದರೆ ‘ಡ್ರೈಡ್ ಅಪ್’. ಜೋಪಾನವಾಗಿ ತೆಗೆದಿಡು ಎಂದರೆ ‘ಪುಟ್ ಅವೇ’. ಇಂಗ್ಲಿಷ್ ಅಪ್, ಡೌನ್, ಆಫ್, ಅವೇ ಇಟ್ಟುಕೊಂಡು ಮಾಡುವ ಕೆಲಸವನ್ನು ಕನ್ನಡ ಬಿಡು, ಹಾಕು, ಹೋಗು, ಇಡು, ಕೊಳ್ಳು ಇಟ್ಟುಕೊಂಡು ಮಾಡುತ್ತದೆ. ಒಂದಕ್ಕೊಂದು ಅಳತೆ ಹಾಕಿದಂತೆ ಕೂರುವುದಿಲ್ಲ ನಿಜ. ಆದರೆ ಒಂದು ಕ್ರಿಯೆಗೆ ಇನ್ನೊಂದು ಚಿಕ್ಕ ಪದ ಸೇರಿಸಿ ಅದು ಮುಗಿಯಿತೇ, ಕೆಟ್ಟಿತೇ, ಉಳಿಯಿತೇ ಎಂದು ತಿಳಿಸುವ ಉಪಾಯ ಎರಡೂ ಭಾಷೆಗಳಲ್ಲಿದೆ. ಇದನ್ನು ತಿಳಿದ ಮಗುವಿಗೆ ಇಂಗ್ಲಿಷ್ ಹುಚ್ಚು ಭಾಷೆಯಾಗಿ ಕಾಣುವುದಿಲ್ಲ.

ನಮ್ಮ ಶಾಲಾ ವ್ಯಾಕರಣದಲ್ಲಿ ಸಂಧಿ ಸಮಾಸಗಳಿಗೆ ಸಿಗುವ ಜಾಗ ಈ ‘ಬಿಡು, ಹಾಕು’ಗಳಿಗೆ ಸಿಗುವುದಿಲ್ಲ ಎಂಬುದು ಇದಕ್ಕೆ ಸೇರಿದ ಇನ್ನೊಂದು ಕೊರತೆ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ಕನ್ನಡದ ನಿಜವಾದ ನಡೆಯನ್ನು ಕನ್ನಡ ಪೀರಿಯಡ್‌ನಲ್ಲಿ ಕಲಿಸಿದ್ದರೆ ಇಂಗ್ಲಿಷ್ ಮೇಷ್ಟ್ರಿಗೆ ಅರ್ಧ ಕೆಲಸ ಮುಗಿದಿರುತ್ತಿತ್ತು.

ಇದು ನಮ್ಮ ಮಕ್ಕಳಿಗೆ ಮಾತ್ರ ಬಂದ ಕಷ್ಟವೆಂದು ಯಾರೂ ಕುಗ್ಗಬೇಕಿಲ್ಲ. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ ಕ್ರಿಯಾಪದಕ್ಕೆ ಪುಟ್ಟ ಪದ ಸೇರಿ ಅರ್ಥ ಬದಲಾಗುವ ಈ ರೀತಿ ವಿದೇಶೀಯರಿಗೆ ಅತಿ ಹೆಚ್ಚು ತೊಡಕಿನದು ಎಂದು ಗುರುತಿಸಿದ್ದ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಅದಕ್ಕೂ ಬಹಳ ಕಾಲದ ಮೇಲೆ, 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ಪುಸ್ತಕದಿಂದ. ವಿಮಾನೋದ್ಯಮವಂತೂ ಬೇರೆಯೇ ದಾರಿ ಹಿಡಿಯಿತು. ಇಂಗ್ಲಿಷ್ ಮಾತೃಭಾಷೆಯಲ್ಲದ ತಂತ್ರಜ್ಞರಿಗೆ ಗೊಂದಲವಾಗಬಾರದೆಂದು ನಿರ್ವಹಣಾ ಕೈಪಿಡಿಗಳಿಗಾಗಿ 1986ರಲ್ಲಿ ರೂಪಿಸಿದ ಸರಳ ತಾಂತ್ರಿಕ ಇಂಗ್ಲಿಷ್ ಇಂದೂ ಬಳಕೆಯಲ್ಲಿದೆ. ಅದರ ಈಗಿನ ನಿಯಮಗಳಲ್ಲಿ ಫ್ರೇಸಲ್ ವರ್ಬ್ ಕಟ್ಟಬೇಡಿ ಎಂಬುದೂ ಒಂದು. 2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಂಥ ಕಡೆ ಕೆಲಸಕ್ಕೆ ಹೋಗಬಯಸುವ ಸುತ್ತಲಿನ ಮಕ್ಕಳಿಗೆ ಇಂಗ್ಲಿಷ್ ಕೈಪಿಡಿ ಓದುವುದು ಬದುಕಿನ ಪ್ರಶ್ನೆ.

ಒಂದೇ ಜೋಡಿ ಎಷ್ಟು ದೂರದ ಎರಡು ಅರ್ಥ ಹೊರಬಲ್ಲದು ಎಂಬುದಕ್ಕೆ ತುಮಕೂರಿನಲ್ಲೇ ಒಂದು ಸಾಕ್ಷಿಯಿದೆ. ಕೈಗಡಿಯಾರಕ್ಕೆ ಕೀಲಿ ಕೊಡುವುದು ‘ವೈಂಡ್ ಅಪ್’. ಕಂಪನಿ ಮುಚ್ಚಿ ಲೆಕ್ಕ ಚುಕ್ತಾ ಮಾಡುವುದೂ ‘ವೈಂಡ್ ಅಪ್’. ತುಮಕೂರಿನ ಎಚ್‌ಎಂಟಿ ಕಾರ್ಖಾನೆಯ ವಾಚುಗಳನ್ನು ಕಟ್ಟಿಕೊಂಡು ಬೆಳಿಗ್ಗೆ ಎದ್ದು ಕೀಲಿ ಕೊಟ್ಟವರ ಊರಿದು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಕಾರ್ಖಾನೆಯ ಜಮೀನು ಆಮೇಲೆ ಇಸ್ರೊ ಪಾಲಾಯಿತು. ಆ ಗಡಿಯಾರವನ್ನೂ ಆ ಕಂಪನಿಯನ್ನೂ ಕುರಿತು ಇಂಗ್ಲಿಷಿನಲ್ಲಿ ಹೇಳುವಾಗ ಪದ ಅದೇ, ‘ವೈಂಡ್ ಇಟ್ ಅಪ್’ ಎಂಬ ಕ್ರಮವೂ ಅದೇ. ಮಕ್ಕಳಿಗೆ ಹೀಗೆ ಊರಿನ ಕಥೆಯ ಜೊತೆ ಹೇಳಿದ ಪಾಠ ಮರೆಯುವುದಿಲ್ಲ.

ನಮ್ಮ ವಿದ್ಯಾರ್ಥಿಗಳ ಇಂಗ್ಲಿಷಿನಲ್ಲಿ ಇನ್ನೊಂದು ವಿಚಿತ್ರವಿದೆ. ‘ಎಕ್ಸ್‌ಟಿಂಗ್ವಿಶ್’, ‘ಪೋಸ್ಟ್‌ಪೋನ್’, ‘ಟಾಲರೇಟ್’ ಎಂಬ ದಪ್ಪ ಪದಗಳು ಅವರಿಗೆ ಗೊತ್ತು. ಅದೇ ಅರ್ಥದ ‘ಪುಟ್ ಔಟ್’, ‘ಪುಟ್ ಆಫ್’, ‘ಪುಟ್ ಅಪ್ ವಿತ್’ ಕೇಳಿದರೆ ತಡವರಿಸುತ್ತಾರೆ. ಕಾರಣ ಸರಳ. ಇಂಗ್ಲಿಷ್ ನಮಗೆ ಬಂದದ್ದು ಕಚೇರಿ, ಕೋರ್ಟು, ಪಠ್ಯಪುಸ್ತಕದ ಬಾಗಿಲಿನಿಂದ. ಇಂಗ್ಲಿಷರು ಅಡುಗೆಮನೆಯಲ್ಲಿ, ಸಂತೆಯಲ್ಲಿ ಆಡುವ ಮಾತು ಆ ಬಾಗಿಲಿನಲ್ಲಿ ಬರಲಿಲ್ಲ. ಹಾಗಾಗಿ ಸಂದರ್ಶನದಲ್ಲಿ ಕೂತ ಪದವೀಧರನಿಗೆ ಅರ್ಜಿ ಬರೆಯುವ ಇಂಗ್ಲಿಷ್ ಬರುತ್ತದೆ, ಎದುರಿನವರು ಸಲೀಸಾಗಿ ಆಡಿದ ಇಂಗ್ಲಿಷ್ ಕಿವಿಗೆ ಹತ್ತುವುದಿಲ್ಲ. ‘ಪುಟ್ ಅಪ್ ವಿತ್’ ಎಂಬಲ್ಲಿ ಕ್ರಿಯಾಪದ, ಕ್ರಿಯಾವಿಶೇಷಣ, ಪ್ರಿಪೊಸಿಷನ್ ಮೂರೂ ಒಟ್ಟಿಗಿವೆ. ಸರ್ವನಾಮ ಕೊನೆಗೆ: ‘ಪುಟ್ ಅಪ್ ವಿತ್ ಇಟ್’. ಕನ್ನಡದ ‘ಅದನ್ನ ಸಹಿಸ್ಕೊ’ ಎಂಬುದನ್ನು ಪಕ್ಕದಲ್ಲಿ ಬರೆದರೆ ಅರ್ಥಕ್ಕೆ ಬೇರೆ ವಿವರಣೆ ಬೇಡ.

ತಪ್ಪುಗಳ ವಿಷಯದಲ್ಲೂ ನಮ್ಮ ತರಗತಿಗಳ ಧೋರಣೆ ಬದಲಾಗಬೇಕು. ‘ಡಿಸ್ಕಸ್ ಅಬೌಟ್’ ಎಂದು ಬರೆದವನನ್ನು ದಡ್ಡ ಎನ್ನುವುದು ಅನ್ಯಾಯ. ಕನ್ನಡದಲ್ಲಿ ನಾವು ಒಂದು ವಿಷಯದ ‘ಬಗ್ಗೆ’ ಚರ್ಚಿಸುತ್ತೇವೆ, ಆ ‘ಬಗ್ಗೆ’ಯೇ ‘ಅಬೌಟ್’ ಆಗಿ ಇಳಿದಿದೆ. ‘ಅವನಿಗೆ ಹೇಳಿದೆ’ ಎಂಬುದರ ‘ಗೆ’ಯಿಂದ ‘ಟೋಲ್ಡ್ ಟು ಹಿಮ್’ ಬಂತು, ‘ಅವಳ ಜೊತೆ ಮದುವೆಯಾದ’ ಎಂಬುದರಿಂದ ‘ಮ್ಯಾರೀಡ್ ವಿತ್ ಹರ್’ ಬಂತು. ‘ಕೋಪ್ ವಿತ್’ ಎಂಬಲ್ಲಿ ಇಲ್ಲದ ‘ಅಪ್’ ಸೇರಿಸಿ ‘ಕೋಪ್ ಅಪ್ ವಿತ್’ ಎನ್ನುವುದು ‘ಕೀಪ್ ಅಪ್ ವಿತ್’ ಕಿವಿಯಲ್ಲಿ ಉಳಿದಿರುವುದರಿಂದ. ಪ್ರತಿ ತಪ್ಪಿನ ಹಿಂದೆಯೂ ಯೋಚಿಸುವ ತಲೆಯೊಂದಿದೆ. ಎಲ್ಲಿಂದ ಬಂತು ಎಂದು ಮಗುವಿಗೆ ತೋರಿಸಿದರೆ ತಪ್ಪು ತಾನೇ ತಿದ್ದಿಕೊಳ್ಳುತ್ತದೆ. ತೋರಿಸಬೇಕಾದರೆ ಮೇಷ್ಟ್ರ ಬಾಯಲ್ಲಿ ಕನ್ನಡ ಬರಲೇಬೇಕು.

ಗುಬ್ಬಿಯವರಿಗೆ ಈ ಮಾತಿನ ಸತ್ಯ ತಿಳಿಯಲು ತಮ್ಮೂರಿನ ಇತಿಹಾಸವೇ ಸಾಕು. ಇಂಗ್ಲಿಷ್ ಶಿಕ್ಷಣದ ಪರವಾಗಿ ಮೆಕಾಲೆ ತನ್ನ ಟಿಪ್ಪಣಿ ಬರೆದದ್ದು 1835ರಲ್ಲಿ. ಅದಾಗಿ ಎರಡು ವರ್ಷಕ್ಕೆ, 1837ರಲ್ಲಿ, ವೆಸ್ಲಿಯನ್ ಮಿಷನ್‌ನ ಥಾಮಸ್ ಹಡ್ಸನ್ ಗುಬ್ಬಿಗೆ ಬಂದು ನೆಲೆಸಿದರು. ಬಂದ ಉದ್ದೇಶ ಧರ್ಮಪ್ರಚಾರ, ಅದಕ್ಕೆ ಕನ್ನಡ ಬೇಕಿತ್ತು. 1859ರಲ್ಲಿ ಅವರ ಕನ್ನಡ ವ್ಯಾಕರಣ ಬೆಂಗಳೂರಿನಲ್ಲಿ ಅಚ್ಚಾಯಿತು. ಆ ಪುಸ್ತಕ ಕನ್ನಡವನ್ನು ವಿವರಿಸಿದ್ದು ಇಂಗ್ಲಿಷಿನಲ್ಲಿ. ಕಲಿಯುವ ಇಂಗ್ಲಿಷರಿಗೆ ಅವರ ಭಾಷೆಯಲ್ಲೇ ಹೇಳಿದರೆ ತಾನೇ ತಿಳಿಯುವುದು? ಇಂಗ್ಲಿಷ್ ಮರೆತು ಕನ್ನಡ ಕಲಿಯಿರಿ ಎಂದು ಹಡ್ಸನ್‌ಗೆ ಯಾರೂ ಹೇಳಲಿಲ್ಲ. ಆ ದೊರೆಗೆ ಸಿಕ್ಕ ಸೌಲಭ್ಯ ಅದೇ ಗುಬ್ಬಿಯ ಸರ್ಕಾರಿ ಶಾಲೆಯ ಮಗುವಿಗೆ ಸಿಗಬಾರದೇಕೆ?

ಪಾಠ ಹೇಳುವ ವಿಧಾನಗಳು ಮಾತ್ರ ಒಂದರ ಹಿಂದೊಂದು ಬಂದಿವೆ. ರೆನ್ ಮತ್ತು ಮಾರ್ಟಿನ್ ವ್ಯಾಕರಣ ತಲೆಮಾರುಗಳ ಕೈ ಸವೆಸಿತು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಕಲಿಯುವವರಿಗಾಗಿಯೇ ನಿಘಂಟು ಮಾಡಿದರು. 1942ರಲ್ಲಿ ಟೋಕಿಯೊದಲ್ಲಿ ಹೊರಬಂದು 1948ರಲ್ಲಿ ಆಕ್ಸ್‌ಫರ್ಡ್ ಪ್ರೆಸ್ ಮೂಲಕ ಜಗತ್ತಿಗೆ ಹರಡಿದ ಆ ನಿಘಂಟು ಇಂಗ್ಲಿಷ್ ಕ್ರಿಯಾಪದದ ನಡೆಯನ್ನು 25 ಮಾದರಿಗಳಾಗಿ ವಿಂಗಡಿಸಿತ್ತು. ಸರ್ವನಾಮ ಎಲ್ಲಿ, ಕ್ರಿಯಾವಿಶೇಷಣ ಎಲ್ಲಿ, ಪ್ರಿಪೊಸಿಷನ್ ಎಲ್ಲಿ ಎಂಬುದು ಆ ಮಾದರಿಗಳಲ್ಲಿದೆ. ನಮ್ಮ ಬೆಂಗಳೂರಿನಲ್ಲೇ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿತು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ನಡೆಸಿದ ಪ್ರಯೋಗ ಬೆಂಗಳೂರು ಪ್ರಾಜೆಕ್ಟ್ ಎಂದೇ ಜಗತ್ತಿನ ಭಾಷಾ ಶಿಕ್ಷಕರಿಗೆ ಪರಿಚಿತ. ವ್ಯಾಕರಣ ಹೇಳಿಕೊಡುವುದನ್ನು ಬಿಟ್ಟು, ರೈಲಿನ ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹೇಳುವುದು ಇಂಥ ಕೆಲಸ ಕೊಟ್ಟರೆ ಭಾಷೆ ತಾನಾಗಿ ಹತ್ತುತ್ತದೆ ಎಂಬುದು ಪ್ರಭು ಅವರ ನಿಲುವು. ಅದರಲ್ಲಿ ಬಹಳ ಹುರುಳಿದೆ. ಆದರೆ ದಿನಕ್ಕೆ ಒಂದು ಪೀರಿಯಡ್ ಬಿಟ್ಟರೆ ಇಂಗ್ಲಿಷ್ ಕಿವಿಗೆ ಬೀಳದ ಊರಿನ ಮಗುವಿಗೆ ತಾನಾಗಿ ಹತ್ತುವಷ್ಟು ಇಂಗ್ಲಿಷ್ ಸಿಗುವುದು ಕಷ್ಟ. ಅಲ್ಲಿ ಒಂದು ಕನ್ನಡದ ವಿವರಣೆ ಹತ್ತು ಪೀರಿಯಡ್ ಉಳಿಸುತ್ತದೆ.

ಕರ್ನಾಟಕದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಶುರುಮಾಡಿದ್ದು 2007-08ರಲ್ಲಿ. ಹತ್ತು ವರ್ಷ ಒಂದು ಭಾಷೆ ಕಲಿತ ಮಗು ಎಸ್ಸೆಸ್ಸೆಲ್ಸಿಗೆ ಬಂದಾಗಲೂ ‘ಇಟ್’ ಎಲ್ಲಿಡಬೇಕೆಂದು ತಿಳಿಯದಿದ್ದರೆ ಹೊಣೆ ಮಗುವಿನದಲ್ಲ. ಕಷ್ಟದ ಪಾಠಕ್ಕೆ ಸಿಗುವ ಸಹಾಯವನ್ನು ನಾವೇ ಬಾಗಿಲ ಹೊರಗೆ ನಿಲ್ಲಿಸಿದ್ದೇವೆ. ಇಂಗ್ಲಿಷ್ ಮಾಧ್ಯಮ ಬೇಕೋ ಕನ್ನಡ ಮಾಧ್ಯಮ ಬೇಕೋ ಎಂಬ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2014ರ ಮೇ 6ರಂದು ತೀರ್ಪೂ ಬಂತು. ಆ ಜಗಳದ ಗದ್ದಲದಲ್ಲಿ, ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಹೇಗೆ ಎಂಬ ಪ್ರಶ್ನೆ ಮೂಲೆಗೆ ಬಿತ್ತು.

ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು ಕನ್ನಡ ಕಟ್ಟಿದವರು. 1911ರಲ್ಲಿ ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದರು, ‘ಇಂಗ್ಲಿಷ್ ಗೀತಗಳು’ ಕೊಟ್ಟರು. ಎರಡು ಭಾಷೆಗಳು ಒಂದೇ ತಲೆಯಲ್ಲಿ ಒಂದಕ್ಕೊಂದು ನೆರವಾಗಬಲ್ಲವು ಎಂದು ನಂಬಿ ಬದುಕಿದರು. ಅವರ ಜಿಲ್ಲೆಯಲ್ಲೇ ಆ ನಂಬಿಕೆ ಇಂಗ್ಲಿಷ್ ಪೀರಿಯಡ್‌ಗೆ ಬರಲಿ.

ಆಗಬೇಕಾದದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ತುಮಕೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಅನುಭವಿ ಕನ್ನಡ ಮೇಷ್ಟ್ರು, ಇಂಗ್ಲಿಷ್ ಮೇಷ್ಟ್ರುಗಳನ್ನು ಒಂದೇ ಮೇಜಿನ ಸುತ್ತ ಕೂರಿಸಲಿ. ಬಿಡು, ಹಾಕು, ಹೋಗು, ಇಡು, ಕೊಳ್ಳುಗಳನ್ನು ಒಂದು ಕಡೆ, ಅಪ್, ಡೌನ್, ಆಫ್, ಔಟ್, ಅವೇಗಳನ್ನು ಇನ್ನೊಂದು ಕಡೆ ಇಟ್ಟು, ಮಕ್ಕಳ ಆಡುಮಾತಿನ ಉದಾಹರಣೆಗಳೊಂದಿಗೆ ಎರಡು ಪುಟದ ಪಾಠ ಬರೆಸಲಿ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಕೆಲವು ಶಾಲೆಗಳಲ್ಲಿ ಒಂದು ವರ್ಷ ಪಾಠ ಮಾಡಿಸಿ ನೋಡಲಿ. ಮಕ್ಕಳಿಗೆ ಉಪಯೋಗವಾದರೆ ಕರ್ನಾಟಕ ಪಠ್ಯಪುಸ್ತಕ ಸಂಘ ಮುಂದಿನ ಪರಿಷ್ಕರಣೆಯಲ್ಲಿ ಆ ಎರಡು ಪುಟಗಳನ್ನು ಎಂಟನೇ ತರಗತಿಯ ಇಂಗ್ಲಿಷ್ ಪುಸ್ತಕಕ್ಕೆ ಸೇರಿಸಲಿ, ಕನ್ನಡದಲ್ಲೇ.